‘ಕಾಂಪೌಂಡ್’ ಅಂದ್ರೆ ಗೋಡೆಯೋ, ಜಾಗವೋ, ಬಡ್ಡಿಯೋ? ಪದದ ಮೂಲ ಹುಡುಕೋಣ ಬನ್ನಿ

ಎರಡನೇ_ಕ್ರಾಸ್
ಇಂಗ್ಲಿಷಿನ ‘ಕಾಂಪೌಂಡ್’ ಬಗ್ಗೆ ತಿಳಿದವರು ಬಿಡಿಸಿ ಹೇಳಿ. ಮನೆ ಸುತ್ತ ಇರೋದು ಕಾಂಪೌಂಡ್. ರಸಾಯನಶಾಸ್ತ್ರದಲ್ಲಿ ನೀರು ಒಂದು ಕಾಂಪೌಂಡ್. ಬ್ಯಾಂಕಲ್ಲಿ ಕಾಂಪೌಂಡ್ ಇಂಟರೆಸ್ಟ್, ಹಳೇ ದವಾಖಾನೆಯಲ್ಲಿ ಕಾಂಪೌಂಡರ್, ಟ್ರಾಫಿಕ್ ದಂಡಕ್ಕೆ ಕಾಂಪೌಂಡಿಂಗ್ ಫೀ. ಎಲ್ಲಾ ಒಂದೇ ಪದಾನಾ? ಒಂದೇ ಆದ್ರೆ ಗೋಡೆಗೂ ಬಡ್ಡಿಗೂ ಏನು ನಂಟು? ‘ಕಾಮ್ ಅಂದ್ರೆ ಒಟ್ಟಿಗೆ, ಪೌಂಡ್ ಅಂದ್ರೆ ದನದ ದೊಡ್ಡಿ, ಅದಕ್ಕೇ ಕಾಂಪೌಂಡ್’ ಅಂತ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ. ನಂಬಬಹುದಾ?

ಪದಬೇಟೆ
ಫಾರ್ವರ್ಡ್ ನಂಬಬೇಡಿ. ಅದು ಒಂದು ಪದ ಅಲ್ಲ, ಎರಡು. ಕಾಗುಣಿತ ಒಂದೇ, ಉಚ್ಚಾರ ಒಂದೇ, ಹುಟ್ಟಿದ ಊರು ಮಾತ್ರ ಬೇರೆ ಬೇರೆ. ಕನ್ನಡದಲ್ಲಿ ‘ಅರಸು’ ಅಂದ್ರೆ ರಾಜನೂ ಹೌದು, ಹುಡುಕು ಅಂತಲೂ ಹೌದಲ್ಲ, ಹಾಗೆ.

ಮೊದಲನೆಯದು ಬಡ್ಡಿ, ರಸಾಯನ, ಕಾಂಪೌಂಡರ್, ಕಾಂಪೌಂಡಿಂಗ್ ಫೀ ಇವೆಲ್ಲದರ ತಾಯಿ. ಅದು ಲ್ಯಾಟಿನ್‌ನ ‘ಕೊಂಪೋನೆರೆ’. ‘ಕೊಂ’ ಅಂದ್ರೆ ಜೊತೆಗೆ, ‘ಪೋನೆರೆ’ ಅಂದ್ರೆ ಇಡು. ಕೂಡಿಸಿ ಇಡು, ಅಷ್ಟೇ. ಹಳೇ ಫ್ರೆಂಚ್‌ನಲ್ಲಿ ‘ಕೊಂಪೊಂದ್ರ್’ ಆಗಿ, 14ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ‘ಕಂಪೌನ್’ ಥರದ ರೂಪದಲ್ಲಿ ಬಂತು. ಗಮನಿಸಿ, ಕೊನೆಯಲ್ಲಿ ‘ಡ್’ ಇರಲಿಲ್ಲ. 16ನೇ ಶತಮಾನದಲ್ಲಿ ಆ ‘ಡ್’ ಅಂಟಿಕೊಂಡಿತು. ‘ಎಕ್ಸ್‌ಪೌಂಡ್’, ‘ಪ್ರೊಪೌಂಡ್’ ಕೂಡ ಇದೇ ‘ಪೋನೆರೆ’ ಮನೆತನ.

ಎರಡನೆಯದು ಮನೆ ಸುತ್ತಲಿನ ಕಾಂಪೌಂಡ್. ಇದು ಯುರೋಪಿನದೇ ಅಲ್ಲ. ಮಲಯ್ ಭಾಷೆಯ ‘ಕಂಪುಂಗ್’. ಅರ್ಥ: ಹಳ್ಳಿ, ಒಂದು ಗುಂಪು ಮನೆಗಳು, ಬೇಲಿಯೊಳಗಿನ ವಸತಿ. ಡಚ್ಚರು ಅಥವಾ ಪೋರ್ಚುಗೀಸರ ಬಾಯಿಂದ ಇಂಗ್ಲಿಷ್ ವ್ಯಾಪಾರಿಗಳಿಗೆ ಬಂದು, 1670ರ ದಶಕದ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸುತ್ತೆ. ಆಗ ಅದಕ್ಕಿದ್ದ ಅರ್ಥ, ಪೂರ್ವದೇಶಗಳಲ್ಲಿ ಯುರೋಪಿಯನ್ನರ ವ್ಯಾಪಾರ ಕೋಠಿಯ ಸುತ್ತ ಬೇಲಿ ಹಾಕಿದ ಜಾಗ. ‘ಕಂಪುಂಗ್’ ಅಂತ ಕೇಳಿದವರಿಗೆ ಆಗಲೇ ಗೊತ್ತಿದ್ದ ‘ಕಾಂಪೌಂಡ್’ ಕಿವಿಗೆ ಹತ್ತಿರ ಅನ್ನಿಸಿತು, ಅದೇ ಕಾಗುಣಿತದಲ್ಲಿ ಬರೆದರು. ನಮ್ಮ ಗೊಂದಲ ಶುರುವಾಗಿದ್ದು ಅಲ್ಲಿಂದ.

ಪೇಟೆ_ಕೂಗು
ಗುರು, ಇದಕ್ಕೆ ಮಲೇಷ್ಯಾವರೆಗೂ ಯಾಕೆ ಹೋಗ್ಬೇಕು? ‘ಕಂಬ’ + ‘ಹೊಂದು’ = ಕಂಬೊಂದು = ಕಾಂಪೌಂಡು. ಕಂಬ ನೆಟ್ಟು ಹೊಂದಿಸಿದ್ದು. ಅಪ್ಪಟ ಕನ್ನಡ!

ನಿಘಂಟು_ಹುಳ
ಚೆನ್ನಾಗಿದೆ, ಆದ್ರೆ ನಿಲ್ಲಲ್ಲ. ಒಂದು ಪದ ಇನ್ನೊಂದು ಭಾಷೆಯಿಂದ ಬಂತು ಅನ್ನೋಕೆ ಧ್ವನಿ ಹೋಲಿಕೆ ಒಂದೇ ಸಾಲದು. ಮೂರು ಪರೀಕ್ಷೆ ಪಾಸಾಗಬೇಕು.

ಮೊದಲು ದಾಖಲೆ. ನೀವು ಹೇಳೋ ಮೂಲರೂಪ, ಅದೇ ಅರ್ಥದಲ್ಲಿ, ಇಂಗ್ಲಿಷ್ ಪದಕ್ಕಿಂತ ಮೊದಲೇ ಬಳಕೆಯಲ್ಲಿತ್ತಾ? ‘ಕಂಬೊಂದು’ ಅಂದ್ರೆ ಕನ್ನಡದಲ್ಲಿ ‘ಒಂದು ಕಂಬ’, ಆವರಣ ಅಲ್ಲ. ಹಳೇ ಶಾಸನ, ಕಾವ್ಯ, ಕಡತಗಳಲ್ಲಿ ಆವರಣ ಅನ್ನೋ ಅರ್ಥದಲ್ಲಿ ಈ ಪದ ಇಲ್ಲ. ‘ಕಂಪುಂಗ್’ ಇವತ್ತಿಗೂ ಮಲೇಷ್ಯಾ, ಇಂಡೋನೇಷ್ಯಾ, ಸಿಂಗಪುರದಲ್ಲಿ ಜೀವಂತ ಪದ. ಸಿಂಗಪುರದಲ್ಲಿ ಕಂಪೊಂಗ್ ಗ್ಲಾಮ್ ಅಂತ ಬಡಾವಣೆಯೇ ಇದೆ.

ಆಮೇಲೆ ದಾರಿ. ಕೊಟ್ಟವರು ಮತ್ತು ತಗೊಂಡವರು ಆ ಕಾಲದಲ್ಲಿ ಒಬ್ಬರಿಗೊಬ್ಬರು ಸಿಕ್ಕಿದ್ರಾ? 17ನೇ ಶತಮಾನದಲ್ಲಿ ಇಂಗ್ಲಿಷ್ ಕಂಪನಿಯ ಹಡಗುಗಳು ಜಾವಾ, ಸುಮಾತ್ರ, ಮದರಾಸು ನಡುವೆ ಓಡಾಡ್ತಿದ್ವು. ಬಂದರುಗಳ ವ್ಯಾಪಾರದ ಮಾತು ಮಲಯ್ ಆಗಿತ್ತು. ‘ಗೋಡೌನ್’ ಕೂಡ ಅದೇ ಹಡಗಲ್ಲಿ ಬಂದಿದ್ದು, ಮಲಯ್‌ನ ‘ಗುದಂಗ್’ ಇಂದ. ಕನ್ನಡ ಸೀಮೆಯ ಒಳನಾಡಿನ ಜೊತೆ ಇಂಗ್ಲಿಷರಿಗೆ ಅಷ್ಟು ಒಡನಾಟ ಆಗ ಇರಲಿಲ್ಲ.

ಕೊನೆಗೆ ಧ್ವನಿ. ‘ಹೊಂದು’ ಅನ್ನೋ ಕ್ರಿಯಾಪದ ‘ಪೌಂಡ್’ ಆಗಬೇಕಾದ್ರೆ ಹೊಸಗನ್ನಡದ ‘ಹ’ ಮತ್ತೆ ಹಳಗನ್ನಡದ ‘ಪ’ಕ್ಕೆ ಹೋಗ್ಬೇಕು. 1670ಕ್ಕೆ ಅದು ಹಿಮ್ಮುಖ ಪ್ರಯಾಣ.

ಪೇಟೆ_ಕೂಗು
ಸರಿ ಸರಿ, ಸೋತೆ. ಆದ್ರೆ ಮಲಯ್ ಅನ್ನೋದು ಪಕ್ಕಾನಾ? ಯಾರು ಹೇಳಿದ್ದು?

ನಿಘಂಟು_ಹುಳ
ಒಳ್ಳೇ ಪ್ರಶ್ನೆ. ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿದ ‘ಹಾಬ್ಸನ್-ಜಾಬ್ಸನ್’ ಅಂತ ಆಂಗ್ಲೋ-ಇಂಡಿಯನ್ ಪದಕೋಶ 1886ರಲ್ಲಿ ಬಂತು. ಅದರಲ್ಲಿ ಈ ಪದದ ಇತಿಹಾಸ ಮಸುಕು ಅಂತಲೇ ಶುರು ಮಾಡಿ ಮೂರು ಸಾಧ್ಯತೆ ಇಡ್ತಾರೆ: ಯಾವುದೋ ಪೋರ್ಚುಗೀಸ್ ಪದ ಕೆಟ್ಟಿದ್ದು, ಫ್ರೆಂಚ್‌ನ ‘ಕಂಪಾಞ್’ ಕೆಟ್ಟಿದ್ದು, ಇಲ್ಲ ಮಲಯ್ ‘ಕಂಪುಂಗ್’. ಇವತ್ತಿನ ದೊಡ್ಡ ನಿಘಂಟುಗಳು ಮೂರನೆಯದನ್ನೇ ಹಿಡಿದಿವೆ. ಹೀಗೆ ಮೂರನ್ನೂ ಎದುರಿಗಿಟ್ಟು ತೂಗೋ ಕೋಶವನ್ನು ನಂಬಿ. ಒಂದೇ ಸಾಲಲ್ಲಿ ‘ಇದು ಇದರಿಂದ ಬಂತು’ ಅಂತ ಮುಗಿಸೋ ಪೋಸ್ಟರ್‌ಗಳನ್ನ ಅಲ್ಲ.

ನೀವೇ ನೋಡ್ಕೋಬೇಕಾದ್ರೆ ಹೀಗೆ ಮಾಡಿ. ದೊಡ್ಡ ಇಂಗ್ಲಿಷ್ ನಿಘಂಟು ತೆರೆದಾಗ ಪದದ ತಲೆ ಮೇಲೆ ಸಣ್ಣದಾಗಿ 1, 2, 3 ಅಂತ ಅಂಕಿ ಇದೆಯಾ ನೋಡಿ. ಒಂದೇ ನಮೂದಿನ ಒಳಗೆ 1, 2, 3 ಇದ್ರೆ ಅವು ಒಂದೇ ಪದದ ಬೇರೆ ಬೇರೆ ಅರ್ಥಗಳು. ತಲೆ ಮೇಲೆ ಅಂಕಿ ಇದ್ದು ನಮೂದುಗಳೇ ಬೇರೆಯಾಗಿದ್ರೆ ಅವು ಬೇರೆ ಬೇರೆ ಪದಗಳು. ತುಂಬಾ ಜನ ಎಡವೋದು ಇಲ್ಲೇ. ಮೊಬೈಲ್ ಆ್ಯಪ್‌ಗಳು ಜಾಗ ಉಳಿಸೋಕೆ ಎಲ್ಲಾ ಅರ್ಥಗಳನ್ನ ಒಂದೇ ಪಟ್ಟಿಗೆ ಸುರಿದು ಬಿಡ್ತವೆ, ಗೋಡೆಯೂ ಬಡ್ಡಿಯೂ ಅಣ್ಣತಮ್ಮ ಅಂತ ಕಾಣುತ್ತೆ.

ಎರಡನೇ_ಕ್ರಾಸ್
ಹಾಗಾದ್ರೆ ‘ದನದ ದೊಡ್ಡಿ’ ಪೌಂಡ್ ಸುಳ್ಳಾ?

ಪದಬೇಟೆ
ಆ ಪೌಂಡ್ ನಿಜವಾದ ಪದ, ಇಲ್ಲಿಗೆ ಸಂಬಂಧ ಇಲ್ಲ ಅಷ್ಟೇ. ಇಂಗ್ಲಿಷಲ್ಲಿ ಮೂರು ಪೌಂಡ್‌ಗಳಿವೆ.

ತೂಕದ, ಹಣದ ಪೌಂಡ್ ಲ್ಯಾಟಿನ್‌ನ ‘ಪೊಂದೋ’ದಿಂದ, ಅಂದ್ರೆ ತೂಕದ ಲೆಕ್ಕದಲ್ಲಿ. ಬೀಡಾಡಿ ದನ ಕೂಡಿಹಾಕೋ ಪೌಂಡ್ ಹಳೇ ಇಂಗ್ಲಿಷಿನ ‘ಪುಂಡ್’, ಆವರಣ ಅಂತ ಅರ್ಥ. ‘ಇಂಪೌಂಡ್’ ಹುಟ್ಟಿದ್ದು ಅಲ್ಲಿಂದ. ನೀರಿನ ‘ಪಾಂಡ್’ ಕೂಡ ಅದೇ ಪದದ ಇನ್ನೊಂದು ರೂಪ, ಕಟ್ಟೆ ಹಾಕಿ ನಿಲ್ಲಿಸಿದ ನೀರು. ಜಜ್ಜು, ಕುಟ್ಟು ಅನ್ನೋ ಪೌಂಡ್ ಹಳೇ ಇಂಗ್ಲಿಷಿನ ‘ಪೂನಿಯನ್’. ಅದಕ್ಕೂ ಆಮೇಲೆ ಸುಮ್ಮನೆ ‘ಡ್’ ಅಂಟಿಕೊಂಡಿದೆ. ‘ಸೌಂಡ್’ ಕೂಡ ಮೊದಲು ‘ಸೂನ್’ ಅಂತಲೇ ಇತ್ತು. ‘ನ್’ ಆದ ಮೇಲೆ ಒಂದು ‘ಡ್’ ಬಂದ್ರೆ ಆ ನಾಲಿಗೆಗಳಿಗೆ ಸಲೀಸು. ನಾವು ‘ಬಸ್’ಗೆ ‘ಉ’ ಸೇರಿಸಿ ‘ಬಸ್ಸು’ ಮಾಡಿದ ಹಾಗೆ.

ಈ ಮೂರರಲ್ಲಿ ಒಂದೂ ‘ಕಾಂಪೌಂಡ್’ ಒಳಗಿಲ್ಲ. ಕಾಂಪೌಂಡರ್ ಔಷಧಿ ಕುಟ್ಟಿ ಪುಡಿ ಮಾಡ್ತಿದ್ದ, ಅದಕ್ಕೇ ಆ ಹೆಸರು ಅನ್ನೋದೂ ತಪ್ಪು. ಅವನು ಬೆರೆಸುವವನು, ಕುಟ್ಟುವವನಲ್ಲ.

ಉತ್ತರದ_ಗಾಳಿ
ನಮ್ಮ ಕಡೆ ದನ ಕೂಡಿಹಾಕೋ ಜಾಗಕ್ಕ ಕೊಂಡವಾಡ ಅಂತಾರ್ರಿ. ಬೆಂಗಳೂರಾಗ ದೊಡ್ಡಿ ಅಂತೀರಿ. 1871ರ ಕ್ಯಾಟಲ್ ಟ್ರೆಸ್‌ಪಾಸ್ ಕಾಯ್ದೆದಾಗ ಬರೋ ‘ಪೌಂಡ್’ ಅಂದ್ರ ಇದ. ಕಾನೂನು ಅನುವಾದ ಮಾಡೋರು ಅದನ್ನ ‘ಕಾಂಪೌಂಡ್’ ಅಂತ ಬರದ್ರ ಕೆಲಸ ಕೆಟ್ಟಂಗ.

ಕರಡು_ತಿದ್ದುವವರು
ಮೂಲದ ಚರ್ಚೆ ಸರಿ. ಬಳಕೆಯ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಇಂಗ್ಲಿಷಿನಲ್ಲಿ ಕಾಂಪೌಂಡ್ ಅಂದರೆ ಗೋಡೆ ಅಲ್ಲ, ಗೋಡೆಯೊಳಗಿನ ಜಾಗ. ‘ಕಳ್ಳ ಕಾಂಪೌಂಡ್ ಹಾರಿದ’ ಅನ್ನುವುದನ್ನು ಹಾಗೇ ಇಂಗ್ಲಿಷಿಗೆ ಹಾಕಿದರೆ ಹೊರಗಿನ ಓದುಗನಿಗೆ ಅವನು ಇಡೀ ಅಂಗಳವನ್ನು ಒಂದೇ ನೆಗೆತಕ್ಕೆ ದಾಟಿದ ಅಂತ ಕೇಳಿಸುತ್ತದೆ. ಗೋಡೆ ಬೇಕಿದ್ದರೆ ‘ಕಾಂಪೌಂಡ್ ವಾಲ್’ ಅಂತ ಪೂರ್ತಿ ಬರೆಯಬೇಕು. ಅದೂ ಭಾರತದ ಇಂಗ್ಲಿಷ್, ಇಲ್ಲಿ ಎಲ್ಲರಿಗೂ ತಿಳಿಯುತ್ತದೆ.

ತಿರುವುಮುರುವಿನ ತಪ್ಪು ಇನ್ನೂ ಹೆಚ್ಚು. 2011ರ ಮೇ 2ರಂದು ಅಬೋಟಾಬಾದ್‌ನಲ್ಲಿ ಬಿನ್ ಲಾಡೆನ್ ಇದ್ದ ‘ಕಾಂಪೌಂಡ್’ ಮೇಲೆ ದಾಳಿ ಅಂತ ಇಂಗ್ಲಿಷ್ ಸುದ್ದಿ. ಅದನ್ನು ಕನ್ನಡದಲ್ಲಿ ‘ಕಾಂಪೌಂಡ್ ಮೇಲೆ ದಾಳಿ’ ಅಂದರೆ ಅಮೆರಿಕದ ಸೈನಿಕರು ಗೋಡೆಗೆ ಗುದ್ದಿದ ಹಾಗಾಯಿತು. ಅಲ್ಲಿ ‘ಬಿನ್ ಲಾಡೆನ್ ಅಡಗಿದ್ದ ಮನೆಯ ಆವರಣ’ ಅನ್ನಬೇಕು, ಅಥವಾ ಸುಮ್ಮನೆ ‘ಅಡಗುತಾಣ’. ರಾಯಭಾರ ಕಚೇರಿಯ ಕಾಂಪೌಂಡ್ ಅಂದರೆ ‘ರಾಯಭಾರ ಕಚೇರಿ ಆವರಣ’. ದೇವಸ್ಥಾನಕ್ಕೆ ‘ಪ್ರಾಂಗಣ’ ಸರಿಹೋಗುತ್ತದೆ. ಮನೆಗೆ ಅದು ಭಾರ.

ಹೀಗಿರುವಾಗ ಕನ್ನಡಿಗರು ಕಾಂಪೌಂಡ್ ಅನ್ನು ಗೋಡೆಗೆ ಬಳಸುವುದು ತಪ್ಪು ಅಂತಲೇ ಹೇಳಬೇಕಲ್ಲವೇ?

ನಿಘಂಟು_ಹುಳ
ಮೇಡಂ, ಇಂಗ್ಲಿಷ್ ಬರೆಯುವಾಗ ನಿಮ್ಮ ಮಾತು ನೂರಕ್ಕೆ ನೂರು. ಕನ್ನಡ ಮಾತಾಡುವಾಗ ಮಾತ್ರ ಒಪ್ಪಲ್ಲ. ಬೇಲಿಯ ಹೆಸರು ಜಾಗಕ್ಕೆ, ಜಾಗದ ಹೆಸರು ಬೇಲಿಗೆ ಹೋಗೋದು ಭಾಷೆಗಳಲ್ಲಿ ನಿತ್ಯ ನಡೆಯೋ ವ್ಯವಹಾರ.

ಇಂಗ್ಲಿಷರ ‘ಟೌನ್’ ತಗೊಳ್ಳಿ. ಹಳೇ ಇಂಗ್ಲಿಷಿನ ‘ತೂನ್’, ಬೇಲಿ ಹಾಕಿದ ಜಾಗ. ಅದರ ಜರ್ಮನ್ ಸೋದರ ‘ತ್ಸೌನ್’ ಇವತ್ತಿಗೂ ಬರೀ ಬೇಲಿ. ಡಚ್ ಸೋದರ ‘ಟೌನ್’ನ ಅರ್ಥ ತೋಟ. ಒಂದೇ ಬೇರು, ಜರ್ಮನಿಯಲ್ಲಿ ಬೇಲಿ, ಹಾಲೆಂಡಿನಲ್ಲಿ ತೋಟ, ಇಂಗ್ಲೆಂಡಿನಲ್ಲಿ ಊರು. ನಮ್ಮ ಫ್ರೇಜರ್ ಟೌನ್, ಕುಕ್ ಟೌನ್, ಬೆನ್ಸನ್ ಟೌನ್, ರಿಚ್ಮಂಡ್ ಟೌನ್ ಎಲ್ಲಾ ಆ ಹಳೇ ಬೇಲಿಯ ಮೊಮ್ಮಕ್ಕಳು. ‘ಪ್ಯಾರಡೈಸ್’ ಕೂಡ ಹಳೇ ಇರಾನಿನ ಭಾಷೆಯಲ್ಲಿ ‘ಸುತ್ತ ಗೋಡೆ ಕಟ್ಟಿದ್ದು’ ಅಂತಲೇ ಶುರುವಾಗಿದ್ದು.

ಕನ್ನಡದಲ್ಲೇ ನೋಡಿ. ‘ಕಟ್ಟೆ’ ಅಂದ್ರೆ ನೀರಿಗೆ ಅಡ್ಡ ಕಟ್ಟಿದ ಏರಿ. ಕೆರೆಕಟ್ಟೆ ಅಂದಾಗ ಅದೇ ಪದ ನಿಂತ ನೀರಿಗೂ ಆಗುತ್ತೆ. ‘ಕೋಟೆ’ ಅಂದ್ರೆ ಗೋಡೆಯೋ ಒಳಗಿನ ಊರೋ? ಎರಡೂ. ಹಾಗಿದ್ಮೇಲೆ ಕಾಂಪೌಂಡ್ ಜಾಗದಿಂದ ಗೋಡೆಗೆ ಜಾರಿದ್ರೆ ಅದು ತಪ್ಪು ತಿಳಿವಳಿಕೆ ಅಲ್ಲ. ಇಂಗ್ಲಿಷರು ಬೇಲಿಯಿಂದ ಊರಿಗೆ ಹೋದ ದಾರಿಯಲ್ಲಿ ನಾವು ವಾಪಸ್ ಬಂದಿದೀವಿ.

ಕರಡು_ತಿದ್ದುವವರು
ಸರಿ, ‘ತಪ್ಪು’ ಅನ್ನುವ ಮಾತು ಹಿಂದೆ ತೆಗೆದುಕೊಂಡೆ. ‘ಎರಡು ಭಾಷೆಯಲ್ಲಿ ಎರಡು ಅರ್ಥ’ ಅಂತ ಇಟ್ಟುಕೊಳ್ಳೋಣ.

ಅರಬ್ಬೀ_ಅಲೆ
ನಮ್ಮ ದಕ್ಷಿಣ ಕನ್ನಡದಲ್ಲಿ ಈ ತಾಪತ್ರಯವೇ ಇಲ್ಲ ಮಾರಾಯ್ರೆ. ಗೋಡೆಗೆ ಪಾಗಾರ, ಜಾಗಕ್ಕೆ ಆವಾರ. ಪಾಗಾರ ಸಂಸ್ಕೃತದ ‘ಪ್ರಾಕಾರ’ದ ತದ್ಭವ, ದೇವಸ್ಥಾನದ ಪ್ರಾಕಾರ ಅಂತೀರಲ್ಲ, ಅದೇ. ಬೆಂಗಳೂರಿಗೆ ಬಂದು ‘ಪಾಗಾರ ಕಟ್ಟಿಸ್ಬೇಕು’ ಅಂದ್ರೆ ಮಾತ್ರ ಮೇಸ್ತ್ರಿ ಮುಖ ನೋಡ್ತಾರೆ.

ಪೇಟೆ_ಕೂಗು
ಹಳೇ ಕನ್ನಡದಲ್ಲಿ ‘ಪೌಳಿ’ ಅಂತ ಇದೆ. ಗುಡಿಯ ಸುತ್ತುಗೋಡೆ. ಅದು ಯಾಕೆ ಸತ್ತೋಯ್ತೋ.

ಸೈಟ್_ಸರ್ವೆ
ಪೌಳಿ ಸತ್ತಿದ್ದು ಬೆಂಗಳೂರಿನ ಮನೆಗಳಿಗೆ ಅದು ಬೇಕಾಗದೇ ಇದ್ದಿದ್ದಕ್ಕೆ. ಪೇಟೆ ಮನೆಗಳನ್ನ ನೋಡಿ: ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ. ಬೀದಿಗೆ ಜಗಲಿ, ಜಗಲಿಗೆ ಬಾಗಿಲು, ಅಕ್ಕಪಕ್ಕದ ಮನೆಗೆ ಗೋಡೆಗೆ ಗೋಡೆ. ಸುತ್ತ ಖಾಲಿ ಜಾಗವೇ ಇಲ್ಲ ಅಂದ್ಮೇಲೆ ಅದಕ್ಕೆ ಹೆಸರೇಕೆ? ತೆರೆದ ಜಾಗ ಇದ್ರೆ ಹಿಂದೆ, ಅದು ಹಿತ್ತಲು. 1809ರಲ್ಲಿ ದಂಡು ಪ್ರದೇಶ ಬಂದ ಮೇಲೆ ನಾಲ್ಕೂ ಕಡೆ ಜಾಗ ಬಿಟ್ಟು ನಡುವೆ ಕಟ್ಟೋ ಬಂಗಲೆ ಬಂತು, ಅದರ ಜೊತೆ ಕಾಂಪೌಂಡ್ ಅನ್ನೋ ಪದಾನೂ ಬೇಕಾಯ್ತು. ಬಂಗಲೆ ಬಂಗಾಳದ್ದು, ವರಾಂಡ ಪೋರ್ಚುಗೀಸರ ಕೈಯಿಂದ ಬಂದಿದ್ದು, ಕಾಂಪೌಂಡ್ ಮಲಯ್, ಗೋಡೌನೂ ಮಲಯ್. ‘ಇಂಗ್ಲಿಷ್ ಮನೆ’ಯ ಪದಗಳಲ್ಲಿ ಇಂಗ್ಲೆಂಡಿನದು ಹುಡುಕಬೇಕು!

ತಮಾಷೆ ಅಂದ್ರೆ ‘ಕಂಪುಂಗ್’ನ ಮೂಲ ಅರ್ಥಕ್ಕೆ ಬೆಂಗಳೂರಲ್ಲಿ ಹತ್ತಿರ ಬರೋದು ಬಂಗಲೆ ಅಲ್ಲ, ವಠಾರ. ಒಂದು ಬಾಗಿಲು, ಒಂದು ಅಂಗಳ, ಒಂದು ಬಾವಿ ಅಥವಾ ನಲ್ಲಿ, ಸುತ್ತ ಹತ್ತು ಮನೆ. ಮಲಾಕ್ಕಾದಲ್ಲಿ ‘ಕಂಪುಂಗ್ ಕ್ಲಿಂಗ್’ ಅಂತ ಒಂದು ಕೇರಿ ಇದೆ, ಕ್ಲಿಂಗ್ ಅಂದ್ರೆ ಕಳಿಂಗದಿಂದ ಬಂದ ಹೆಸರು, ದಕ್ಷಿಣ ಭಾರತದವರಿಗೆ ಅಲ್ಲಿನವರು ಇಟ್ಟಿದ್ದು. ಅಂದ್ರೆ ನಮ್ಮವರ ಕಂಪುಂಗ್ ಅಲ್ಲಿ ಇತ್ತು, ಅವರ ಕಂಪುಂಗ್ ಇಲ್ಲಿ ಕಾಂಪೌಂಡಾಯ್ತು.

ಕೆಲಸದ ಕಾಗದದಲ್ಲಿ ಯಾವ ಅರ್ಥ ಅಂತ ಗೊತ್ತಾಗ್ಬೇಕಾದ್ರೆ ಅಳತೆಯ ಘಟಕ ನೋಡಿ. ರನ್ನಿಂಗ್ ಫೀಟ್ ಅಥವಾ ರನ್ನಿಂಗ್ ಮೀಟರ್ ಅಂತಿದ್ರೆ ಗೋಡೆ. ಚದರ ಅಡಿ ಅಂತಿದ್ದು ಮುಂದೆ ಪೇವಿಂಗ್, ಫಿಲ್ಲಿಂಗ್ ಅಂತಿದ್ರೆ ನೆಲ. 30×40 ಸೈಟಿಗೆ ಕಾಂಪೌಂಡ್ ಗೋಡೆ ಅಂದ್ರೆ ಸುತ್ತಳತೆ 140 ಅಡಿ, ಗೇಟಿಗೆ 10 ಅಡಿ ಬಿಟ್ರೆ 130. ಎತ್ತರ 5 ಅಡಿ ಅಂದ್ರೆ 650 ಚದರ ಅಡಿ ಮುಖ. 16×8 ಇಂಚು ಮುಖದ ಸಾಲಿಡ್ ಬ್ಲಾಕ್‌ಗೆ ಲೆಕ್ಕ ಹಾಕಿದ್ರೆ ಸುಮಾರು 730, ಒಡೆಯೋದಕ್ಕೆ ನೂರಕ್ಕೆ 5 ಸೇರಿಸಿದ್ರೆ 770ರ ಹತ್ತಿರ. ಅದೇ ಸೈಟಿನ ನೆಲದ ಲೆಕ್ಕ ಬೇರೆ, 1,200 ಚದರ ಅಡಿ. ‘ಕಾಂಪೌಂಡ್’ ಅಂತ ಒಂದೇ ಪದ ಬರೆದು ರೇಟು ಹಾಕಿದ ಎಸ್ಟಿಮೇಟಿಗೆ ಸಹಿ ಹಾಕ್ಬೇಡಿ. ಗೋಡೆಯೋ, ನೆಲವೋ, ಗೇಟ್ ಸೇರಿದೆಯೋ, ಪಾಯ ಸೇರಿದೆಯೋ ಬರೆಸಿ. ಕ್ರಯಪತ್ರದ ಚಕ್ಕುಬಂದಿಯಲ್ಲೂ ಅಷ್ಟೇ, ಗೋಡೆ ಇಬ್ಬರದ್ದೂ ಹೌದಾ ಅಥವಾ ಒಬ್ಬರದ್ದಾ ಅಂತ ಬೇರೆ ವಾಕ್ಯ ಇರಲಿ.

ಮೂರನೇ_ಬೆಂಚು
ರಸಾಯನದ ಕಡೆಯಿಂದ ಚಿಕ್ಕದಾಗಿ. ‘ಕೂಡಿಸಿ ಇಡು’ ಅನ್ನೋ ಮೂಲಾರ್ಥ ಮಿಶ್ರಣಕ್ಕೂ ಒಪ್ಪುತ್ತೆ, ಹಾಗಾಗಿ ಹುಡುಗರು ಕಾಂಪೌಂಡ್ ಮತ್ತು ಮಿಕ್ಸ್ಚರ್ ಗಲಿಬಿಲಿ ಮಾಡ್ಕೋತಾರೆ. ಸಂಯುಕ್ತದಲ್ಲಿ, ಅಂದ್ರೆ ಕಾಂಪೌಂಡಲ್ಲಿ, ಪ್ರಮಾಣ ಕಟ್ಟುನಿಟ್ಟು. ಕಬ್ಬಿಣ, ಗಂಧಕ ಸೇರಿ ಐರನ್ ಸಲ್ಫೈಡ್ ಆಗೋದು ತೂಕದಲ್ಲಿ 7ಕ್ಕೆ 4ರಂತೆ. 7 ಗ್ರಾಂ ಕಬ್ಬಿಣದ ಪುಡಿಗೆ 4 ಗ್ರಾಂ ಗಂಧಕ ಬೆರೆಸಿ ಕಾಯಿಸಿದ ಮೇಲೆ ಅಯಸ್ಕಾಂತ ಹಿಡಿದ್ರೆ ಬಿಡಿ ಕಬ್ಬಿಣ ಸಿಗಬಾರದು. ಪುಡಿ ಮೇಲೆದ್ದು ಅಂಟಿಕೊಂಡ್ರೆ ಒಂದೋ ಕಬ್ಬಿಣ ಜಾಸ್ತಿ ಬಿದ್ದಿದೆ, ಇಲ್ಲ ಕಾವು ಎಲ್ಲಾ ಕಡೆ ತಲುಪಿಲ್ಲ. ಕಾಯಿಸೋ ಮೊದಲು ಅದು ಬರೀ ಮಿಶ್ರಣ, ಯಾವ ಪ್ರಮಾಣಕ್ಕೂ ಬೆರೆಯುತ್ತೆ.

ಹಳೇ ಕಾಂಪೌಂಡರ್ ಕೊಡ್ತಿದ್ದ ಬಾಟ್ಲಿಯ ಹೆಸರು ‘ಮಿಕ್ಸ್ಚರ್’ ಅನ್ನೋದು ನೋಡಿದ್ರೆ ಗಲಿಬಿಲಿಗೆ ಹುಡುಗರನ್ನ ಬಯ್ಯೋ ಹಾಗಿಲ್ಲ.

ಪದಬೇಟೆ
ಇಲ್ಲೊಂದು ಚೆಂದದ ಸಂಗತಿ. ‘ಸಂಯುಕ್ತ’ದಲ್ಲಿ ‘ಸಮ್’ ಅಂದ್ರೆ ಜೊತೆಗೆ, ಲ್ಯಾಟಿನ್‌ನ ‘ಕೊಂ’ ಮಾಡೋ ಕೆಲಸವನ್ನೇ ಮಾಡುತ್ತೆ. ಕಾಂಪೌಂಡ್ ವರ್ಡ್ ಅಂದ್ರೆ ನಮ್ಮಲ್ಲಿ ‘ಸಮಾಸ’. ಅದನ್ನ ಒಡೆದ್ರೆ ‘ಸಮ್’ + ‘ಅಸ್’, ಒಟ್ಟಿಗೆ ಹಾಕು, ಎಸೆ ಅನ್ನೋ ಧಾತು. ಕೊಂಪೋನೆರೆಗೆ ಇದಕ್ಕಿಂತ ಹತ್ತಿರದ ಪದ ಸಿಗೋದು ಕಷ್ಟ, ಅದೂ ಯಾರೂ ಅನುವಾದ ಮಾಡದೇನೇ ಸಂಸ್ಕೃತ ವ್ಯಾಕರಣದಲ್ಲಿ ಮೊದಲೇ ಇತ್ತು. ಇನ್ನು ‘ಕಾಂಪೌಂಡ್ ಗೋಡೆ’ ಅನ್ನೋದು ಒಳ್ಳೇ ಅರಿಸಮಾಸ, ಪಂಡಿತರು ಕ್ಷಮಿಸಲಿ.

‘ಕಾಂಪೋಸ್ಟ್’ ಕೂಡ ಕೊಂಪೋನೆರೆಯ ಮಗು. ಕೂಡಿಹಾಕಿದ್ದು. ‘ಕಾಂಪೊನೆಂಟ್’, ‘ಡಿಪಾಸಿಟ್’, ‘ಪೋಸ್ಟ್‌ಪೋನ್’, ‘ಅಪೋನೆಂಟ್’ ಎಲ್ಲಾ ‘ಪೋನೆರೆ’ಯವೇ.

ಎರಡನೇ_ಕ್ರಾಸ್
‘ಕಂಪೋಸ್’ ಕೂಡ ಅಲ್ವಾ? ಮೊಳೆ ಜೋಡಿಸೋ ಕಂಪೋಸಿಟರ್?

ಪದಬೇಟೆ
ಕಂಪೋಸಿಟರ್ ಹೌದು, ಕಂಪೋಸ್ ಅಲ್ಲ! ಕಂಪೋಸ್ ಬಂದಿದ್ದು ಫ್ರೆಂಚ್‌ನ ‘ಪೋಸೆ’ಯಿಂದ, ಅದರ ಹಿಂದೆ ಇರೋದು ತಡಕಾಲದ ಲ್ಯಾಟಿನ್‌ನ ‘ಪೌಸಾರೆ’, ನಿಲ್ಲು, ವಿರಮಿಸು. ‘ಪಾಜ್’ (ವಿರಾಮ) ಕೊಟ್ಟು ಮಾತಾಡಿ ಅಂತೀವಲ್ಲ, ಆ ಪದದ ನೆಂಟ. ‘ಪೋನೆರೆ’ಯ ಭೂತರೂಪ ‘ಪೊಸಿತುಂ’. ‘ಪೋಸ್’ಗೂ ‘ಪೊಸಿತ್’ಗೂ ಧ್ವನಿ ಅಷ್ಟು ಹತ್ತಿರ ಇದ್ದಿದ್ದಕ್ಕೆ ಫ್ರೆಂಚರು ಎರಡೂ ಮನೆತನವನ್ನ ಕಲಸಿಬಿಟ್ಟರು. ಹಾಗಾಗಿ ‘ಕಂಪೋಸ್’ ಒಂದು ಮನೆಯದು, ‘ಕಂಪೋಸಿಷನ್’ ಇನ್ನೊಂದು ಮನೆಯದು, ಬಾಳ್ತಿರೋದು ಒಂದೇ ಸೂರಿನಡಿ.

ಖಾತೆಪುಸ್ತಕ
ಬಡ್ಡಿ ಬಗ್ಗೆ. ಚಕ್ರಬಡ್ಡಿಯಲ್ಲಿ ಅಸಲಿನ ಜೊತೆ ಬಡ್ಡಿಯನ್ನ ಕೂಡಿಸಿ ಇಡ್ತಾರೆ, ಮುಂದಿನ ಬಡ್ಡಿ ಆ ಮೊತ್ತದ ಮೇಲೆ. ಪದದ ಮೂಲಾರ್ಥ ಇಲ್ಲಿ ಹಾಗೇ ಉಳಿದಿದೆ.

ಜನ ಮೋಸ ಹೋಗೋದು ದರ ನೋಡಿ, ಕೂಡಿಸೋ ಅವಧಿ ನೋಡದೆ. 1,00,000 ರೂಪಾಯಿಗೆ ವರ್ಷಕ್ಕೆ ನೂರಕ್ಕೆ 12ರ ದರ ಅಂದ್ಕೊಳ್ಳಿ. ವರ್ಷಕ್ಕೊಮ್ಮೆ ಕೂಡಿಸಿದ್ರೆ ವರ್ಷದ ಕೊನೆಗೆ 1,12,000. ಆರು ತಿಂಗಳಿಗೊಮ್ಮೆ 1,12,360. ಮೂರು ತಿಂಗಳಿಗೊಮ್ಮೆ 1,12,550.88. ತಿಂಗಳಿಗೊಮ್ಮೆ 1,12,682.50. ಲೆಕ್ಕ ಹಾಕೋದು ಸುಲಭ: ವರ್ಷದ ದರವನ್ನ ಕೂಡಿಸೋ ಸಲಗಳಿಂದ ಭಾಗಿಸಿ, 100ರಿಂದ ಭಾಗಿಸಿ, 1 ಸೇರಿಸಿ, ಅಸಲನ್ನ ಅದರಿಂದ ಅಷ್ಟು ಸಲ ಗುಣಿಸಿ. ತಿಂಗಳಿಗೊಮ್ಮೆ ಅಂದ್ರೆ 1.01ರಿಂದ 12 ಸಲ.

ತಿಂಗಳಿಗೆ 3.5 ಅಂದ್ರೆ ವರ್ಷಕ್ಕೆ 42 ಅಂತ ಗುಣಿಸಿ ಸಮಾಧಾನ ಮಾಡ್ಕೋಬೇಡಿ. ತಿಂಗಳಿಗೊಮ್ಮೆ ಕೂಡಿಸಿದ್ರೆ 51.1 ಆಗುತ್ತೆ. ಕಾಗದದಲ್ಲಿ ‘ಕಾಂಪೌಂಡೆಡ್’ ಪದದ ಪಕ್ಕ ಮಂತ್ಲಿ, ಕ್ವಾರ್ಟರ್ಲಿ ಅಂತ ಏನಿದೆ ಅನ್ನೋದೇ ನಿಜವಾದ ಪದಾರ್ಥ.

ಕಲಾಪ_ಪಟ್ಟಿ
ಕಾಂಪೌಂಡಿಂಗ್ ಫೀ ವಿಷಯ ಯಾರೂ ಮುಟ್ಟಿಲ್ಲ. ಕೂಡಿಸಿ ಇಡುವುದರಿಂದ ‘ಕೂಡಿ ಒಪ್ಪಂದಕ್ಕೆ ಬರುವುದು’ ಅನ್ನುವ ಅರ್ಥ ಹುಟ್ಟಿತು, ಅಲ್ಲಿಂದ ‘ಹಣ ತೆಗೆದುಕೊಂಡು ವ್ಯಾಜ್ಯ ಮುಗಿಸುವುದು’. ಕಾನೂನಿನ ಕಾಂಪೌಂಡಿಂಗ್ ಅಂದರೆ ರಾಜಿ. ದಂಡ ದುಪ್ಪಟ್ಟಾಗುವುದು ಅಂತ ಬಡ್ಡಿಯ ಅರ್ಥ ಹಿಡಿದು ಹೆದರುವವರಿದ್ದಾರೆ, ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪ್ರಕಾರ ಕೆಲವು ಅಪರಾಧಗಳಲ್ಲಿ ಸರ್ಕಾರ ಗೊತ್ತುಪಡಿಸಿದ ಮೊತ್ತ ಕಟ್ಟಿದರೆ ಕೋರ್ಟಿಗೆ ಹೋಗದೆ ಅಲ್ಲಿಗೇ ಮುಗಿಯುತ್ತದೆ. ಚೆಕ್ ಬೌನ್ಸ್ ಕೂಡ ರಾಜಿಯಾಗಬಹುದಾದ ಅಪರಾಧ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 147ನೇ ಕಲಂ ನೋಡಿ.

ಮಿಕ್ಕ ಅಪರಾಧಗಳಿಗೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 320 ಇತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359. ಅದರಲ್ಲಿ ಎರಡು ಪಟ್ಟಿ: ಒಂದರಲ್ಲಿ ನೊಂದವರೇ ರಾಜಿ ಮಾಡಿಕೊಳ್ಳಬಹುದು, ಇನ್ನೊಂದರಲ್ಲಿ ನ್ಯಾಯಾಲಯದ ಅನುಮತಿ ಬೇಕು. ಪಟ್ಟಿಯಲ್ಲಿ ಇಲ್ಲದ್ದು ನಾನ್-ಕಾಂಪೌಂಡಬಲ್, ಇಬ್ಬರೂ ಒಪ್ಪಿದರೂ ಆ ಕಲಂ ಕೆಳಗೆ ಮುಗಿಸುವಂತಿಲ್ಲ. ಅನುವಾದದಲ್ಲಿ ‘ಸಂಯುಕ್ತ ಅಪರಾಧ’ ಅಂತ ಬರೆದರೆ ಕೇಸು ರಸಾಯನಶಾಲೆಗೆ ಹೋಗುತ್ತದೆ.

ಎರಡನೇ_ಕ್ರಾಸ್
ಹಾಗಾದ್ರೆ ಇಂಗ್ಲಿಷ್ ಪೇಪರಲ್ಲಿ ‘ಮಳೆ ಟ್ರಾಫಿಕ್ ಸಮಸ್ಯೆಯನ್ನ ಕಾಂಪೌಂಡ್ ಮಾಡಿತು’ ಅಂತಾರಲ್ಲ? ರಾಜಿ ಮಾಡಿಸಿತಾ?

ಕಲಾಪ_ಪಟ್ಟಿ
ಹೆಬ್ಬಾಳದ ಮೇಲ್ಸೇತುವೆಯಲ್ಲಿ ಮಳೆ ಯಾವತ್ತೂ ರಾಜಿ ಮಾಡಿಸಿಲ್ಲ! ಅಲ್ಲಿ ‘ಇನ್ನಷ್ಟು ಬಿಗಡಾಯಿಸಿತು’ ಅಂತ ಅರ್ಥ. ಇಂಗ್ಲೆಂಡಿನ ಹಳೇ ಕಾನೂನಿನಲ್ಲಿ ‘ಕಾಂಪೌಂಡಿಂಗ್ ಎ ಫೆಲನಿ’ ಅಂದರೆ ದೂರು ಕೊಡದಿರಲು ದುಡ್ಡು ತಿನ್ನುವುದು, ಅದೇ ಒಂದು ಅಪರಾಧ. ಕಾನೂನು ಗೊತ್ತಿಲ್ಲದವರು ಅದನ್ನು ‘ತಪ್ಪಿನ ಮೇಲೆ ತಪ್ಪು ಪೇರಿಸುವುದು’ ಅಂತ ಓದಿಕೊಂಡರು ಅಂತ ಭಾಷಾಶುದ್ಧಿಯವರು ಬಹಳ ಕಾಲ ಗೊಣಗುತ್ತಿದ್ದರು. ಇವತ್ತು ನಿಘಂಟುಗಳೆಲ್ಲ ಈ ಅರ್ಥ ಒಪ್ಪಿವೆ. ಕಾನೂನಿನ ಬರಹದಲ್ಲಿ ಮಾತ್ರ ಈ ಎರಡನ್ನೂ ಒಂದೇ ಪುಟದಲ್ಲಿ ಬಳಸಬೇಡಿ.

ಮೂರನೇ_ಬೆಂಚು
ಇನ್ನೊಂದು ಅಪಾಯದ ಜಾಗ ಬಾಕಿ ಇದೆ, ಕಾಂಪೌಂಡ್ ಫ್ರಾಕ್ಚರ್. ಎಲುಬು ನಾಲ್ಕು ಚೂರಾಗಿದೆ ಅಂತ ಜನ ತಿಳೀತಾರೆ. ಅಲ್ಲ. ಮುರಿತದ ಜೊತೆಗೆ ಚರ್ಮವೂ ಸೀಳಿ ಗಾಯ ಒಳಗಿನವರೆಗೂ ತೆರೆದಿದೆ ಅಂತ. ಚೂರುಚೂರಾದದ್ದಕ್ಕೆ ‘ಕಾಮಿನ್ಯೂಟೆಡ್’ ಅನ್ನೋ ಬೇರೆ ಪದ ಇದೆ. ತೆರೆದ ಗಾಯದಿಂದ ಸೋಂಕು ಎಲುಬಿಗೇ ತಾಗಬಹುದು, ಹಾಗಾಗಿ ಎರಡರ ಚಿಕಿತ್ಸೆ ಬೇರೆ. ಈಗ ವೈದ್ಯರು ‘ಓಪನ್ ಫ್ರಾಕ್ಚರ್’ ಅಂತಲೇ ಬರೀತಾರೆ, ಅದು ವಾಸಿ.

ಅರಬ್ಬೀ_ಅಲೆ
ಉಚ್ಚಾರ ಹೇಗೆ ಮಾರಾಯ್ರೆ? ಒಬ್ಬರು ಕಾಂಪೌಂಡ್ ಅಂತಾರೆ, ಒಬ್ಬರು ಕಂಪೌಂಡ್, ನಮ್ಮ ಮೇಸ್ತ್ರಿ ಕಂಪೋಂಡು.

ನಿಘಂಟು_ಹುಳ
ಇಂಗ್ಲಿಷಲ್ಲಿ ನಾಮಪದಕ್ಕೆ ಒತ್ತು ಮೊದಲ ಭಾಗದ ಮೇಲೆ, ‘ಕಾಂ’ ಜೋರು. ಅಂಗಳವಾಗಲಿ, ರಾಸಾಯನಿಕವಾಗಲಿ ಅದೇ. ಕ್ರಿಯಾಪದಕ್ಕೆ ಒತ್ತು ಎರಡನೇ ಭಾಗಕ್ಕೆ, ‘ಕಂ’ ಸಣ್ಣಗೆ, ‘ಪೌಂಡ್’ ಜೋರು. ರೆಕಾರ್ಡ್, ಪರ್ಮಿಟ್, ಆಬ್ಜೆಕ್ಟ್ ಇವಕ್ಕೂ ಇದೇ ನಡೆ. ಕನ್ನಡದಲ್ಲಿ ಒತ್ತಿನ ಈ ಆಟ ಇಲ್ಲ, ಹಾಗಾಗಿ ಇಬ್ಬರೂ ಸರಿ. ಬರವಣಿಗೆಯಲ್ಲಿ ‘ಕಾಂಪೌಂಡ್’ ಹೆಚ್ಚು ಚಾಲ್ತಿ. ‘ಕಾಂಪೌಂಡನ್ನು’, ‘ಕಾಂಪೌಂಡಿನ’ ಅಂತ ವಿಭಕ್ತಿ ಹಚ್ಚಿ, ‘ಕಾಂಪೌಂಡ್‌ಅನ್ನು’ ಅಂತ ಬೇಡ. ಮೇಸ್ತ್ರಿಯ ಕಂಪೋಂಡು ಮಲಯ್‌ನ ‘ಕಂಪೊಂಗ್’ಗೆ ಎಲ್ಲರಿಗಿಂತ ಹತ್ತಿರ ಇದೆ, ಅದು ಬೇರೆ ಮಾತು.

ಎರಡನೇ_ಕ್ರಾಸ್
ಕೊನೇ ಪ್ರಶ್ನೆ. ಅಪಾರ್ಟ್‌ಮೆಂಟಿನ ಸೂಚನಾ ಫಲಕಕ್ಕೆ ಎರಡು ಸಾಲು ಬರೀಬೇಕು: ಒಂದು, ಗೋಡೆಗೆ ಏನೂ ಅಂಟಿಸಬೇಡಿ. ಇನ್ನೊಂದು, ಒಳಗಿನ ಜಾಗದಲ್ಲಿ ಹೊರಗಿನವರ ಗಾಡಿ ನಿಲ್ಲಿಸಬೇಡಿ. ಎರಡಕ್ಕೂ ‘ಕಾಂಪೌಂಡ್’ ಹಾಕಿದ್ರೆ ನಡೆಯುತ್ತಾ?

ಕರಡು_ತಿದ್ದುವವರು
ಬೇಡ. ಹೀಗೆ ಬರೆಯಿರಿ: ‘ಕಾಂಪೌಂಡ್ ಮೇಲೆ ಭಿತ್ತಿಪತ್ರ ಅಂಟಿಸಬಾರದು. ಆವರಣದೊಳಗೆ ಹೊರಗಿನವರ ವಾಹನ ನಿಲ್ಲಿಸಬಾರದು.’ ಕೆಳಗೆ ಇಂಗ್ಲಿಷ್ ಸಾಲು ಹಾಕುವುದಾದರೆ ಮೊದಲನೆಯದಕ್ಕೆ ‘ವಾಲ್’ ಮರೆಯಬೇಡಿ, ಎರಡನೆಯದಕ್ಕೆ ‘ಕಾಂಪೌಂಡ್’ ಒಂದೇ ಸಾಕು.